ದಪ್ಪಕ್ಷರದ ದನಿ

ಮನೆಯಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಇದ್ದವರು ಒಮ್ಮೆ ಅದನ್ನು ಕೈಗೆತ್ತಿಕೊಂಡು ಯಾವುದಾದರೊಂದು ಪುಟ ತೆರೆದು ನೋಡಲಿ. ಬೇಕಾದ ಪದ ಓದುವುದಕ್ಕೆ ಮೊದಲೇ ಕಣ್ಣಿಗೆ ಬೀಳುತ್ತದೆ. ಪದಗಳೆಲ್ಲ ದಪ್ಪಕ್ಷರದಲ್ಲಿ ಅಂಚಿಗೆ ಸಾಲಾಗಿ ನಿಂತಿರುತ್ತವೆ. ಅರ್ಥ, ವ್ಯಾಕರಣ, ಉದಾಹರಣೆಗಳು ತೆಳು ಅಕ್ಷರದಲ್ಲಿ ಅವುಗಳ ಹಿಂದೆ ಬರುತ್ತವೆ. ಹುಡುಕುವವನಿಗೆ ಸುಲಭವಾಗಲೆಂದು ಯಾರೋ ಮಾಡಿಟ್ಟ ಈ ಏರ್ಪಾಡಿಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ, ಇದಕ್ಕೂ ಒಂದು ಆರಂಭ ಇದ್ದೀತು ಎಂಬ ಯೋಚನೆಯೇ ಬರುವುದಿಲ್ಲ. ಯುರೋಪಿನಲ್ಲಿ ಪುಸ್ತಕಗಳು ಅಚ್ಚಾಗತೊಡಗಿ ಸುಮಾರು ನಾಲ್ಕು ಶತಮಾನ ಕಳೆಯುವವರೆಗೂ, ಸಾಲಿನ ನಡುವಿನ ಒಂದೇ ಪದವನ್ನು ಎದ್ದು ಕಾಣಿಸಲೆಂದೇ ತಯಾರಿಸಿದ ದಪ್ಪಕ್ಷರ ಅಲ್ಲಿ ಇರಲಿಲ್ಲ. ಅದು ಬಂದದ್ದು 1845ರಲ್ಲಿ, ಲಂಡನಿನಲ್ಲಿ. ಅದರ ಹೆಸರು ಕ್ಲಾರೆಂಡನ್.

ಅಕ್ಷರದ ಆಕಾರದ ಬಗ್ಗೆ ಇಷ್ಟು ಬರೆಯುವುದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಸರಳ. ನಮ್ಮ ಮೇಜಿಗೆ ಬರುವ ಲೇಖನಗಳಲ್ಲಿ ದಪ್ಪಕ್ಷರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಒಂದು ಪುಟದಲ್ಲಿ ಹತ್ತು ಕಡೆ ದಪ್ಪಕ್ಷರ. ಕೆಲವರದಂತೂ ಇಡೀ ಪ್ಯಾರಾ. ಎಲ್ಲವನ್ನೂ ತೆಳು ಮಾಡಿ ಅಚ್ಚು ಮಾಡಿದರೆ ‘ನನ್ನ ಮುಖ್ಯ ಮಾತನ್ನೇ ನೀವು ಅಡಗಿಸಿದಿರಿ’ ಎಂದು ಲೇಖಕರು ಬೇಸರಪಟ್ಟುಕೊಳ್ಳುತ್ತಾರೆ. ಪುಟದಲ್ಲಿ ದನಿ ಎತ್ತುವ ಹಕ್ಕು ಯಾವ ಮಾತಿಗಿದೆ, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಇಲ್ಲಿದೆ. ಆ ಪ್ರಶ್ನೆಯನ್ನು ಬಿಡಿಸಿ ನೋಡಲು ಕ್ಲಾರೆಂಡನ್‌ನಷ್ಟು ಒಳ್ಳೆಯ ಸಾಕ್ಷಿ ನಮಗೆ ಬೇರೆ ಕಾಣಲಿಲ್ಲ.

ಮೊದಲು ಅದರ ರೂಪ. ಇಂಗ್ಲಿಷ್ ಅಕ್ಷರಗಳ ಗೀಟು ಮುಗಿಯುವಲ್ಲಿ ಅಡ್ಡಲಾಗಿ ಇರುವ ಸಣ್ಣ ತುದಿಗೆ ಸೆರಿಫ್ ಎನ್ನುತ್ತಾರೆ. ನಮ್ಮ ತಲೆಕಟ್ಟು ಅಕ್ಷರದ ನೆತ್ತಿಯ ಮೇಲಿದ್ದರೆ, ಸೆರಿಫ್ ನೆತ್ತಿಯಲ್ಲೂ ಇರುತ್ತದೆ, ಪಾದದಲ್ಲೂ ಇರುತ್ತದೆ. ಪುಸ್ತಕದ ಸಾಮಾನ್ಯ ಅಕ್ಷರಗಳಲ್ಲಿ ಇದು ಕೂದಲೆಳೆಯಷ್ಟು ತೆಳು. ಕ್ಲಾರೆಂಡನ್‌ನಲ್ಲಿ ಅದು ಕಂಬದ ಬುಡಕ್ಕೆ ಕಟ್ಟಿದ ಕಟ್ಟೆಯ ಹಾಗೆ ದಪ್ಪ, ಚೌಕ. ಆದರೆ ಕಂಬವೂ ಕಟ್ಟೆಯೂ ಸೇರುವ ಮೂಲೆಯಲ್ಲಿ ಒಂದು ಸಣ್ಣ ಬಾಗು ಇದೆ. ಗಾರೆ ಕೆಲಸದವನು ಗೋಡೆ ನೆಲ ಸೇರುವ ಮೂಲೆಯನ್ನು ಕರಣೆಯಿಂದ ನುಣುಪಾಗಿ ಬಾಗಿಸುವುದುಂಟಲ್ಲ, ಹಾಗೆ. ಈ ಬಾಗೇ ಕ್ಲಾರೆಂಡನ್‌ನ ಗುರುತು. ಗೀಟುಗಳಲ್ಲಿ ದಪ್ಪ-ತೆಳುವಿನ ವ್ಯತ್ಯಾಸ ಇದೆ, ಆದರೆ ಮಿತವಾಗಿದೆ. ಸಣ್ಣ ‘ಆರ್’ ಅಕ್ಷರದ ಕೈಯ ತುದಿಯಲ್ಲಿ ಅಡಿಕೆಯಂಥ ಒಂದು ಗುಂಡು. ಸಣ್ಣ ‘ಎ’, ‘ಸಿ’, ‘ಎಫ್’‌ಗಳಲ್ಲೂ ಅಂಥದೇ ಗುಂಡು. ದೊಡ್ಡ ‘ಆರ್’ ಅಕ್ಷರದ ಕಾಲು ಮೊಜರಿಯ ಮೂತಿಯಂತೆ ತುದಿಯಲ್ಲಿ ಮೇಲಕ್ಕೆ ಸುರುಳಿಯುತ್ತದೆ.

ಚೆಂದ ಎನ್ನಬಹುದೇ? ಒಂಟಿ ಅಕ್ಷರವನ್ನು ದೊಡ್ಡದು ಮಾಡಿ ನೋಡಿದರೆ ನಮಗೇನೂ ಚೆಂದ ಕಾಣುವುದಿಲ್ಲ. ಹಳ್ಳಿಯ ಗೌಡರು ಪಂಚಾಯಿತಿ ಕಟ್ಟೆಯ ಮೇಲೆ ಕೂತಂಥ ಭಾರ ಅದರಲ್ಲಿದೆ. ಆದರೆ ತೆಳು ಅಕ್ಷರಗಳ ಸಾಲಿನೊಳಗೆ ಇಟ್ಟು ನೋಡಿದರೆ ಅದೇ ಅಕ್ಷರ ಬೇರೆಯೇ ಆಗುತ್ತದೆ. ಅದು ಹುಟ್ಟಿದ್ದೇ ಆ ಕೆಲಸಕ್ಕೆ.

ಕ್ಲಾರೆಂಡನ್‌ಗೆ ಮುಂಚೆ ಲಂಡನಿನಲ್ಲಿ ದಪ್ಪಕ್ಷರಗಳು ಇರಲಿಲ್ಲ ಎಂದಲ್ಲ. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಆ ನಗರದ ಗೋಡೆಗಳ ಮೇಲೆ ನಾಟಕ, ಗಾಡಿ ಪ್ರಯಾಣ, ಲಾಟರಿಗಳ ಭಿತ್ತಿಪತ್ರಗಳು ತುಂಬಿಹೋಗಿದ್ದವು. ಒಂದರ ಪಕ್ಕ ಒಂದು ಅಂಟಿಸಿದ ಹಾಳೆಗಳಲ್ಲಿ ತನ್ನದೇ ಮೊದಲು ಕಾಣಬೇಕೆಂದು ಪ್ರತಿಯೊಬ್ಬ ವ್ಯಾಪಾರಿಗೂ ಆಸೆ. ಅಚ್ಚುಮೊಳೆ ಎರಕದವರು ಅವರಿಗಾಗಿ ಹೊಟ್ಟೆ ಉಬ್ಬಿದ ಅಕ್ಷರಗಳನ್ನು ಮಾಡಿಕೊಟ್ಟರು. ಫ್ಯಾನ್ ಸ್ಟ್ರೀಟಿನ ಎರಕದ ಮನೆಯ ರಾಬರ್ಟ್ ಥಾರ್ನ್ ಇದರಲ್ಲಿ ಮುಂದಾಳು. ಅವನು 1820ರಲ್ಲಿ ತೀರಿಕೊಂಡಾಗ ಆ ಎರಕದ ಮನೆ ಹರಾಜಿಗೆ ಬಂತು. ಕೊಂಡವನು ವಿಲಿಯಂ ಥಾರೊಗುಡ್. ಲಾಟರಿಯಲ್ಲಿ ಗೆದ್ದ ಹಣದಿಂದ ಕೊಂಡನೆಂಬುದು ಮುದ್ರಣ ಚರಿತ್ರೆಯಲ್ಲಿ ಹೆಸರಾದ ಮಾತು. ಲಾಟರಿಯ ಭಿತ್ತಿಪತ್ರಗಳಿಂದ ಬೆಳೆದ ಅಕ್ಷರಗಳು ಕೊನೆಗೆ ಲಾಟರಿಯ ಹಣಕ್ಕೇ ಮಾರಾಟವಾದವು!

ಥಾರ್ನ್ ಬಿಟ್ಟುಹೋದ ಅಚ್ಚುಗಳಲ್ಲಿ ಚೌಕ ಪಾದದ ಒಂದು ದಪ್ಪಕ್ಷರವೂ ಇತ್ತು. ಅದನ್ನು ‘ಈಜಿಪ್ಶಿಯನ್’ ಎಂಬ ಹೆಸರಿನಲ್ಲಿ ಮಾರಿದರು. ನೆಪೋಲಿಯನ್ 1798ರಲ್ಲಿ ಈಜಿಪ್ಟಿನ ಮೇಲೆ ದಂಡೆತ್ತಿ ಹೋದ ಮೇಲೆ ಯುರೋಪಿಗೆ ಆ ದೇಶದ ಹುಚ್ಚು ಹಿಡಿದಿತ್ತು. ಪೀಠೋಪಕರಣ, ಆಭರಣ, ಕಟ್ಟಡ ಎಲ್ಲದರಲ್ಲೂ ಈಜಿಪ್ಟ್. ಅಕ್ಷರ ಮಾರುವವರೂ ಆ ಹೆಸರನ್ನು ಅಂಟಿಸಿಕೊಂಡರು. ಆ ಅಕ್ಷರದಲ್ಲಿ ಈಜಿಪ್ಟಿನದು ಏನೂ ಇಲ್ಲ. ಸರಿಸುಮಾರು ಅದೇ ವರ್ಷಗಳಲ್ಲಿ ನಿಜವಾದ ಈಜಿಪ್ಟಿನಲ್ಲಿ ಮುಹಮ್ಮದ್ ಅಲಿ ಪಾಷಾ ಕೈರೋ ಪಕ್ಕದ ಬೂಲಾಕಿನಲ್ಲಿ ಮುದ್ರಣಾಲಯ ಸ್ಥಾಪಿಸಿ ಅರಬಿ, ತುರ್ಕಿ ಪುಸ್ತಕಗಳನ್ನು ಅಚ್ಚು ಹಾಕಿಸುತ್ತಿದ್ದ. ಲಂಡನಿನ ಈಜಿಪ್ಶಿಯನ್ ಅಕ್ಷರಕ್ಕೆ ಅದರ ಸುದ್ದಿಯೂ ಬೇಕಿರಲಿಲ್ಲ. ದೂರದ ದೇಶದ ಹೆಸರು ಸರಕಿಗೆ ಸಿಕ್ಕರೆ ಸಾಕಿತ್ತು, ಅಷ್ಟೆ.

ಈ ಗೋಡೆಯ ಅಕ್ಷರಗಳಿಗೆ ಒಂದು ಮಿತಿಯಿತ್ತು. ಅವು ಪುಸ್ತಕದೊಳಗೆ ಬಾಳುತ್ತಿರಲಿಲ್ಲ. ಸಾಲಿನ ನಡುವೆ ಇಟ್ಟರೆ ಪಕ್ಕದ ಅಕ್ಷರಗಳನ್ನು ಮೊಣಕೈಯಿಂದ ತಳ್ಳಿದ ಹಾಗೆ ಕಾಣುತ್ತಿದ್ದವು. ಥಾರೊಗುಡ್‌ನ ಪಾಲುದಾರನಾಗಿದ್ದ ರಾಬರ್ಟ್ ಬೆಸ್ಲಿ ಈ ಕೊರತೆಯನ್ನು ಗಮನಿಸಿದ. ಅವನಿಗಾಗಿ ಬೆಂಜಮಿನ್ ಫಾಕ್ಸ್ ಎಂಬ ಕುಶಲಿ ಉಕ್ಕಿನ ಅಚ್ಚುಗಳನ್ನು ಕೆತ್ತಿದ. ಫಾಕ್ಸ್ ಮಾಡಿದ್ದು ತೆಳು ಅಕ್ಷರವನ್ನು ಸುಮ್ಮನೆ ಉಬ್ಬಿಸುವ ಕೆಲಸವಲ್ಲ. ಗೀಟು ದಪ್ಪವಾದಂತೆ ಅಕ್ಷರದ ಒಳಗಿನ ಬಿಳಿ ಜಾಗ ಕಡಿಮೆಯಾಗುತ್ತದೆ. ಶಾಯಿ ಹರಡಿದರೆ ಅದೂ ಮುಚ್ಚಿಹೋಗುತ್ತದೆ. ಆದ್ದರಿಂದ ಪ್ರತಿ ಅಕ್ಷರದ ಒಳಜಾಗವನ್ನು ಮತ್ತೆ ಲೆಕ್ಕ ಹಾಕಬೇಕು, ಎಲ್ಲಿ ತೆಳುವಾಗಬೇಕೋ ಅಲ್ಲಿ ತೆಳು ಮಾಡಬೇಕು, ಅಗಲವನ್ನು ಹಿಡಿತದಲ್ಲಿಡಬೇಕು. ಪುಸ್ತಕದ ಸಾಮಾನ್ಯ ಅಕ್ಷರದ ಪಕ್ಕ ಕೂತಾಗ ಎತ್ತರವೂ ಗತ್ತೂ ಹೊಂದಬೇಕು. ಹೀಗೆ ಹುಟ್ಟಿದ್ದು ಕ್ಲಾರೆಂಡನ್. ಆಕ್ಸ್‌ಫರ್ಡಿನ ಪ್ರಸಿದ್ಧ ಕ್ಲಾರೆಂಡನ್ ಪ್ರೆಸ್ಸಿನ ಹೆಸರನ್ನೇ ಅದಕ್ಕೆ ಇಟ್ಟರು.

ಬೆಸ್ಲಿ ವ್ಯಾಪಾರ ತಿಳಿದವನು. 1845ರಲ್ಲಿಯೇ ಅಲಂಕಾರ ವಿನ್ಯಾಸಗಳ ಕಾನೂನಿನ ಅಡಿಯಲ್ಲಿ ಅದನ್ನು ನೋಂದಾಯಿಸಿದ. ಆ ರಕ್ಷಣೆ ಸಿಕ್ಕಿದ್ದು 3 ವರ್ಷಕ್ಕೆ ಮಾತ್ರ. ಅವಧಿ ಮುಗಿದದ್ದೇ ತಡ, ಉಳಿದ ಎರಕದ ಮನೆಗಳು ತಮ್ಮ ತಮ್ಮ ‘ಕ್ಲಾರೆಂಡನ್’‌ಗಳನ್ನು ಹೊರತಂದವು. ಹೆಸರನ್ನೂ ಬಿಡಲಿಲ್ಲ. ಬೆಸ್ಲಿಗೆ ಇದರಿಂದ ನಷ್ಟವಾಗಿದ್ದರೂ ಬಾಳು ಕೆಡಲಿಲ್ಲ. 1869ರಲ್ಲಿ ಅವನು ಲಂಡನ್ ನಗರದ ಲಾರ್ಡ್ ಮೇಯರ್ ಆದ. ಕೆತ್ತಿದ ಫಾಕ್ಸ್‌ನ ಹೆಸರು ಮಾತ್ರ ಅಕ್ಷರ ಚರಿತ್ರೆ ಓದುವವರಿಗಷ್ಟೇ ಗೊತ್ತು.

ಅಲ್ಲಿಯವರೆಗೆ ಮುದ್ರಕರು ಒಂದು ಪದಕ್ಕೆ ಒತ್ತು ಕೊಡಬೇಕಾದರೆ ಏನು ಮಾಡುತ್ತಿದ್ದರು? ವಾಲಿದ ಅಕ್ಷರ, ಅಂದರೆ ಇಟಾಲಿಕ್ ಬಳಸುತ್ತಿದ್ದರು. ಸಣ್ಣ ಗಾತ್ರದ ದೊಡ್ಡಕ್ಷರಗಳನ್ನು ಬಳಸುತ್ತಿದ್ದರು. ಕೆಲವೊಮ್ಮೆ ಹಳೆಯ ಕಪ್ಪಕ್ಷರ ಶೈಲಿಯನ್ನು ತರುತ್ತಿದ್ದರು. ಬ್ರಿಟನ್ನಿನ ಮುದ್ರಣ ಇತಿಹಾಸಕಾರ ಮೈಕೆಲ್ ಟ್ವೈಮನ್ ಹತ್ತೊಂಬತ್ತನೇ ಶತಮಾನದ ದಪ್ಪಕ್ಷರಗಳ ಬಳಕೆಯನ್ನೇ ವಿಷಯವಾಗಿಟ್ಟುಕೊಂಡು ಬರೆದಿದ್ದಾರೆ. ಇಂದು ನಮಗೆ ಉಸಿರಾಟದಷ್ಟು ಸಹಜವಾದ ಈ ಪದ್ಧತಿಯನ್ನು ಒಂದು ಕಾಲದ ಹೊಸ ಆಲೋಚನೆಯಾಗಿ ನೋಡಲು ಅಂಥ ಅಧ್ಯಯನ ಬೇಕಾಗುತ್ತದೆ.

ಕೈಬರಹದ ಲೋಕದಲ್ಲಿ ಬೇರೆ ದಾರಿಗಳಿದ್ದವು. ಉರ್ದು ಬಲ್ಲ ನಮ್ಮ ಓದುಗರು ಪತ್ರಿಕೆಯ ತಲೆಬರಹಕ್ಕೆ ‘ಸುರ್ಖಿ’ ಎನ್ನುತ್ತಾರೆ. ‘ಸುರ್ಖ್’ ಎಂದರೆ ಕೆಂಪು. ಹಸ್ತಪ್ರತಿಗಳಲ್ಲಿ ಅಧ್ಯಾಯದ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಆ ಕೆಂಪು ಹೋಗಿ ಎಷ್ಟೋ ಕಾಲವಾದ ಮೇಲೂ ಹೆಸರು ಉಳಿದುಕೊಂಡಿದೆ. ಕಾತಿಬರು ದೊಡ್ಡಕ್ಷರಕ್ಕೆ ಅಗಲ ಮೊನೆಯ ಲೇಖನಿ ಹಿಡಿಯುತ್ತಿದ್ದರು. ಅಂಥ ಬರಹಕ್ಕೆ ‘ಜಲೀ’ ಎಂದು ಹೆಸರು. 1927ರಲ್ಲಿ ಚೆನ್ನೈಯಲ್ಲಿ ಆರಂಭವಾಗಿ ಕೈಬರಹದಿಂದಲೇ ಹೆಸರು ಮಾಡಿದ ‘ದಿ ಮುಸಲ್ಮಾನ್’ ಉರ್ದು ಪತ್ರಿಕೆಯ ಪುಟ ಕಂಡವರಿಗೆ ಲೇಖನಿ ಬದಲಾಯಿಸುವುದೆಂದರೆ ಏನೆಂದು ಗೊತ್ತು. ಲೇಖನಿ ಬದಲಿಸಲು ಕಾತಿಬ್ ಒಮ್ಮೆ ನಿಲ್ಲಬೇಕು. ಈ ಮಾತು ದೊಡ್ಡದಾಗಬೇಕೇ ಎಂದು ಯೋಚಿಸಲು ಅಷ್ಟು ಹೊತ್ತು ಸಾಕು. ನಮ್ಮ ಕನ್ನಡದ ಓಲೆಗರಿಯಲ್ಲಂತೂ ಲೋಹದ ಮೊನೆಯಿಂದ ಕೊರೆದ ಗೀಟಿಗೆ ಒಂದೇ ದಪ್ಪ. ಕವಿಯ ಮಾತೂ ಲಿಪಿಕಾರನ ಮಾತೂ ಒಂದೇ ಗಾತ್ರದಲ್ಲಿ ಕೂರುತ್ತಿದ್ದವು.

ಕ್ಲಾರೆಂಡನ್‌ಗೆ ಅತ್ಯಂತ ಗೌರವದ ಕೆಲಸ ಸಿಕ್ಕಿದ್ದು ಅದರ ಹೆಸರಿನ ಮೂಲದಲ್ಲಿಯೇ. ಇಂದು ಆಕ್ಸ್‌ಫರ್ಡ್ ನಿಘಂಟು ಎಂದು ಕರೆಯುವ ಮಹಾನಿಘಂಟಿನ ಮೊದಲ ಕಂತು 1884ರಲ್ಲಿ ಕ್ಲಾರೆಂಡನ್ ಪ್ರೆಸ್ಸಿನಿಂದ ಹೊರಬಂತು. ಸಂಪಾದಕ ಜೇಮ್ಸ್ ಮರ್ರೆ. ಅದರ ಪ್ರತಿ ಪುಟದಲ್ಲೂ ಪದ, ಉಚ್ಚಾರಣೆ, ವ್ಯುತ್ಪತ್ತಿ, ಅರ್ಥಭೇದ, ಶತಮಾನಗಳ ಉಲ್ಲೇಖ ಎಲ್ಲವೂ ಒತ್ತೊತ್ತಾಗಿ ಮೂರು ಕಂಬಸಾಲುಗಳಲ್ಲಿ ಬರಬೇಕಿತ್ತು. ಆ ಕಾಡಿನೊಳಗೆ ಓದುಗ ದಾರಿ ತಪ್ಪದಂತೆ ಮೂಲಪದಗಳನ್ನು ಕ್ಲಾರೆಂಡನ್ ಬಗೆಯ ದಪ್ಪಕ್ಷರದಲ್ಲಿ ಜೋಡಿಸಿದರು. ನಿಘಂಟು 1928ರಲ್ಲಿ ಮುಗಿಯಿತು, ಅದನ್ನು ನೋಡಲು ಮರ್ರೆ ಇರಲಿಲ್ಲ. ಅವರು 1915ರಲ್ಲೇ ತೀರಿಕೊಂಡಿದ್ದರು. ಇಂಗ್ಲಿಷ್ ಮುದ್ರಕರ ಬಾಯಲ್ಲಿ ‘ಕ್ಲಾರೆಂಡನ್’ ಎಂದರೆ ದಪ್ಪಕ್ಷರ ಎಂಬ ಅರ್ಥವೇ ಬಂದುಬಿಟ್ಟಿತು. ಇಲ್ಲಿ ಆ ಅಕ್ಷರ ತನ್ನ ಪೂರ್ಣ ಯೋಗ್ಯತೆಯಲ್ಲಿದೆ ಎಂದು ನಮ್ಮ ಅಭಿಪ್ರಾಯ. ಅದು ಯಾವ ಪದಕ್ಕೂ ಪಕ್ಷಪಾತ ಮಾಡುವುದಿಲ್ಲ. ರಾಜನ ಪದಕ್ಕೂ ಜಾಡಮಾಲಿಯ ಪದಕ್ಕೂ ಅಷ್ಟೇ ದಪ್ಪ. ‘ಇಲ್ಲಿದ್ದೇನೆ’ ಎಂದಷ್ಟೇ ಹೇಳುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಮುಂದಿನದನ್ನು ತೆಳು ಅಕ್ಷರ ಹೇಳುತ್ತದೆ.

ಒಂದು ತಕರಾರೂ ಇದೆ. ಹುಡುಕುವ ಓದಿಗೆ ಸರಿಯಾದದ್ದು ಅರಿಯುವ ಓದಿಗೂ ಸರಿಯೆಂದು ಹೇಳಲಾಗದು. ನಮ್ಮ ಪರೀಕ್ಷೆಯ ಗೈಡುಗಳನ್ನು ನೋಡಿ. ಪಾಠದ ಸಾರವೆಲ್ಲ ದಪ್ಪಕ್ಷರದಲ್ಲಿ. ಹುಡುಗ ಅದನ್ನಷ್ಟೇ ಓದುತ್ತಾನೆ, ಬರೆಯುತ್ತಾನೆ, ಪಾಸಾಗುತ್ತಾನೆ. ‘ಆದರೆ’, ‘ಒಂದು ವೇಳೆ’, ‘ಎಂದು ಕೆಲವರ ವಾದ’ ಎಂಬಂಥ ಮಾತುಗಳು ಯಾವತ್ತೂ ದಪ್ಪಕ್ಷರದಲ್ಲಿ ಬರುವುದಿಲ್ಲ. ಒಂದು ವಿಷಯ ನಿಜವೋ ಅರೆನಿಜವೋ ಎಂಬುದು ಹೆಚ್ಚಾಗಿ ಇರುವುದು ಆ ತೆಳು ಮಾತುಗಳಲ್ಲಿಯೇ.

ಇನ್ನು ಗೋಡೆಗೆ ಬರೋಣ. ಪುಸ್ತಕಕ್ಕಾಗಿ ಹುಟ್ಟಿದ ಕ್ಲಾರೆಂಡನ್ ಬಹುಬೇಗ ಗೋಡೆಗೂ ಹತ್ತಿತು. ಅದಕ್ಕೆ ದಾರಿ ಮಾಡಿಕೊಟ್ಟದ್ದು ಅಮೆರಿಕದ ಮರದ ಅಕ್ಷರಗಳು. ಸೀಸದ ದೊಡ್ಡ ಅಕ್ಷರ ಭಾರ, ದುಬಾರಿ. ಎರಕದಲ್ಲಿ ಮೈ ಸಮವಾಗಿ ಬರುವುದೂ ಕಷ್ಟ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ಯಂತ್ರದಿಂದ ಮರವನ್ನು ಕೊರೆದು ಅಕ್ಷರ ಮಾಡುವ ವಿಧಾನ ತಂದ. 1834ರಲ್ಲಿ ವಿಲಿಯಂ ಲೆವನ್‌ವರ್ತ್ ಅದಕ್ಕೆ ಒಂದು ಮಾದರಿಯಿಂದ ಬೇಕಾದ ಗಾತ್ರಕ್ಕೆ ನಕಲು ಇಳಿಸುವ ಪ್ಯಾಂಟೋಗ್ರಾಫ್ ಜೋಡಿಸಿದ. ಆಮೇಲೆ ಅಕ್ಷರವನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದಾಯಿತು, ಕುಗ್ಗಿಸಬಹುದಾಯಿತು. ಕ್ಲಾರೆಂಡನ್‌ನ ಪಾದವನ್ನೇ ಕಾಲಿಗಿಂತ ದಪ್ಪ ಮಾಡಿದ ‘ಫ್ರೆಂಚ್ ಕ್ಲಾರೆಂಡನ್’ ಎಂಬ ವಿಚಿತ್ರ ರೂಪವೂ ಬಂತು. ಕೌಬಾಯ್ ಸಿನಿಮಾಗಳಲ್ಲಿ ‘ಬೇಕಾಗಿದ್ದಾನೆ’ ಎಂಬ ಭಿತ್ತಿಪತ್ರ ಕಂಡವರಿಗೆಲ್ಲ ಅದರ ಪರಿಚಯ ಇದೆ. ಸರ್ಕಸ್ಸಿಗೆ ಅದು ಒಪ್ಪುತ್ತಿತ್ತು. ಆದರೆ ಅದೇ ಪ್ರೆಸ್ಸಿನ ಅದೇ ಕಪಾಟಿನ ದಪ್ಪಕ್ಷರಗಳು ಗುಲಾಮರ ಹರಾಜಿಗೂ, ತಪ್ಪಿಸಿಕೊಂಡ ಗುಲಾಮನನ್ನು ಹಿಡಿದುಕೊಟ್ಟವರಿಗೆ ಬಹುಮಾನ ಸಾರುವುದಕ್ಕೂ ಬಳಕೆಯಾದವು. ಎಲ್ಲಕ್ಕಿಂತ ದಪ್ಪವಾಗಿ ಇರುತ್ತಿದ್ದುದು ಹೆಚ್ಚಾಗಿ ಬಹುಮಾನದ ಮೊತ್ತ.

ಈ ಬಗೆಯ ಭಿತ್ತಿಪತ್ರಗಳಲ್ಲಿ ಒಂದನ್ನು ನಿಧಾನವಾಗಿ ನೋಡುವುದು ಒಳ್ಳೆಯದು. ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಕೊಲೆಯಾದ ಬಳಿಕ, 1865ರ ಏಪ್ರಿಲ್ 20ರ ದಿನಾಂಕ ಹಾಕಿ ಅಮೆರಿಕದ ಯುದ್ಧ ಇಲಾಖೆ ಹೊರಡಿಸಿದ್ದು ಅದು. ಒಟ್ಟು 1 ಲಕ್ಷ ಡಾಲರ್ ಬಹುಮಾನ: ಜಾನ್ ವಿಲ್ಕ್ಸ್ ಬೂತ್‌ಗೆ 50 ಸಾವಿರ, ಉಳಿದ ಇಬ್ಬರಿಗೆ ತಲಾ 25 ಸಾವಿರ. ಪೂರ್ತಿ ಕ್ಲಾರೆಂಡನ್‌ನಲ್ಲಿ ಅಚ್ಚಾದದ್ದೇನೂ ಅಲ್ಲ. ಆ ಕಾಲದ ಪ್ರೆಸ್ಸುಗಳ ಪದ್ಧತಿಯಂತೆ ಹಲವು ಬಗೆಯ ದಪ್ಪಕ್ಷರಗಳು ಒಂದರ ಕೆಳಗೊಂದು ನಿಂತಿವೆ. ಮೊತ್ತವನ್ನೂ ಕೊಲೆಗಾರ ಎಂಬ ಪದವನ್ನೂ ಬೀದಿಯ ಆಚೆ ಬದಿಯಿಂದಲೇ ಓದಬಹುದು. ಆದರೆ ಹುಡುಕುತ್ತಿರುವವರ ಹೆಸರುಗಳೇ ತಪ್ಪು. ಸರ್ರಾಟ್ ಎಂಬ ಮನೆತನದ ಹೆಸರಿನ ಕೊನೆಯಲ್ಲಿ ಎರಡು ‘ಟಿ’ ಇರಬೇಕಾದಲ್ಲಿ ಭಾವಚಿತ್ರದ ಬಳಿ ಒಂದೇ ಇದೆ. ಡೇವಿಡ್ ಹೆರಾಲ್ಡ್‌ನ ಮನೆತನದ ಹೆಸರಿನಲ್ಲಿ ‘ಇ’ ಇರಬೇಕಾದ ಜಾಗದಲ್ಲಿ ‘ಎ’ ಕೂತಿದೆ. ಅವಸರದಲ್ಲಿ ಆದ ತಪ್ಪು, ಇರಲಿ. ಸಾಲಿನ ತೆಳು ಅಕ್ಷರದಲ್ಲಿ ಇಂಥ ತಪ್ಪು ಅನುಮಾನ ಹುಟ್ಟಿಸುತ್ತದೆ. ದಪ್ಪಕ್ಷರದ ನಡುವೆ ಅದೂ ಸರಿಯೆಂದೇ ಕಾಣುತ್ತದೆ.

ಹೆಸರಿನ ಕಾಗುಣಿತ ಹೋಗಲಿ, ಹೆಸರಿನ ಮನುಷ್ಯ ಏನಾದ? ಬೂತ್ ಏಪ್ರಿಲ್ 26ರಂದು ಗುಂಡಿಗೆ ಬಲಿಯಾದ. ಹೆರಾಲ್ಡ್‌ನನ್ನು ಜುಲೈ 7ರಂದು ಗಲ್ಲಿಗೇರಿಸಿದರು. ಅದೇ ದಿನ ಜಾನ್ ಸರ್ರಾಟ್‌ನ ತಾಯಿ ಮೇರಿಯನ್ನೂ ಗಲ್ಲಿಗೇರಿಸಿದರು. ಮಗ ಮಾತ್ರ ಕೆನಡಾಕ್ಕೆ ಓಡಿ, ಅಲ್ಲಿಂದ ಇಂಗ್ಲೆಂಡು, ಇಟಲಿ ಸುತ್ತಿ, ಪೋಪರ ಸೈನ್ಯದಲ್ಲಿ ಸೇರಿ, 1866ರ ನವೆಂಬರಿನಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಸಿಕ್ಕಿಬಿದ್ದ. 1867ರಲ್ಲಿ ನಾಗರಿಕ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಜ್ಯೂರಿ ಸದಸ್ಯರು ಒಮ್ಮತಕ್ಕೆ ಬರಲಿಲ್ಲ. 1868ರಲ್ಲಿ ಅವನು ಬಿಡುಗಡೆಯಾದ. ಅವನು ಏನೂ ಅರಿಯದ ಸಾಧು ಎಂದು ನಾವು ಹೇಳುತ್ತಿಲ್ಲ. ಲಿಂಕನ್‌ರನ್ನು ಅಪಹರಿಸುವ ಸಂಚಿನಲ್ಲಿ ತಾನಿದ್ದೆನೆಂದು 1870ರ ಸಾರ್ವಜನಿಕ ಭಾಷಣವೊಂದರಲ್ಲಿ ಅವನೇ ಒಪ್ಪಿಕೊಂಡ. ಕೊಲೆಯ ಸಂಚು ತನಗೆ ತಿಳಿದಿರಲಿಲ್ಲ ಎಂದ. ಅಪಹರಣದ ಸಂಚು ಬೇರೆ, ಕೊಲೆ ಬೇರೆ. ಈ ವ್ಯತ್ಯಾಸಕ್ಕೆ ಒಂದು ನ್ಯಾಯಾಲಯವೂ ಎರಡು ವರ್ಷಗಳೂ ಬೇಕಾದವು. ಭಿತ್ತಿಪತ್ರಕ್ಕೆ ಬೇಕಾದದ್ದು ಕೆಲವೇ ಮೊಳೆಗಳು.

ಇದನ್ನು ಓದುವಾಗ ನಮ್ಮ ದಿನಪತ್ರಿಕೆಗಳು ನೆನಪಾಗದಿರಲು ಸಾಧ್ಯವಿಲ್ಲ. ಯಾವ ಪತ್ರಿಕೆ ಎಂದು ಹೆಸರಿಸಬೇಕಾಗಿಲ್ಲ, ಇದು ಒಂದೆರಡು ಪತ್ರಿಕೆಗಳ ದೋಷವೂ ಅಲ್ಲ. ಬಂಧನದ ದಿನ ಹೆಸರು, ಊರು, ತಂದೆಯ ಹೆಸರು ಸಹಿತ ಆರೋಪ ಮುಖಪುಟದ ಅಗಲಕ್ಕೂ ಹರಡಿಕೊಳ್ಳುತ್ತದೆ. ‘ಆರೋಪಿ’ ಎಂಬ ಪದ ಇದ್ದರೆ ಅದು ಒಳಗಿನ ಸಾಲಿನಲ್ಲಿ, ತೆಳು ಅಕ್ಷರದಲ್ಲಿ. ಎಷ್ಟೋ ವರ್ಷಗಳ ಮೇಲೆ ನ್ಯಾಯಾಲಯ ಅದೇ ಮನುಷ್ಯನನ್ನು ನಿರ್ದೋಷಿ ಎಂದಾಗ ಸುದ್ದಿ ಒಳಪುಟದ ಮೂಲೆಯಲ್ಲಿ, ಜಾಹೀರಾತಿನ ಪಕ್ಕ, ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಸುಳ್ಳು ಬರೆದಿದ್ದಾರೆಂದು ಯಾರೂ ಹೇಳುವಂತಿಲ್ಲ. ಎರಡೂ ಸುದ್ದಿ ನಿಜವೇ. ಅನ್ಯಾಯ ನಡೆದಿರುವುದು ಅಕ್ಷರದ ದಪ್ಪದಲ್ಲಿ. ಅದನ್ನು ಪ್ರಶ್ನಿಸಲು ಯಾವ ನ್ಯಾಯಾಲಯವೂ ಇಲ್ಲ, ಪತ್ರಿಕೆಯ ಸಂಪಾದಕರ ಮನಸ್ಸೊಂದನ್ನು ಬಿಟ್ಟರೆ. ದೂರದರ್ಶನದ ಪರದೆಯ ಅಡಿಯಲ್ಲಿ ಓಡುವ ಅಕ್ಷರಗಳು ಬಂದ ಮೇಲೆ, ಮೊಬೈಲಿನಲ್ಲಿ ಹರಿದಾಡುವ ಚಿತ್ರಫಲಕಗಳು ಬಂದ ಮೇಲೆ ಆ ಮನಸ್ಸೂ ಹಿಂದಕ್ಕೆ ಸರಿದಿದೆ.

ಇಪ್ಪತ್ತನೇ ಶತಮಾನದಲ್ಲಿ ಕ್ಲಾರೆಂಡನ್‌ನ ಕತೆ ಚಿಕ್ಕದಾಗಿ ಹೇಳಬಹುದು. ಅದರ ತೆಳು ವಂಶಸ್ಥರು ಸದ್ದಿಲ್ಲದೆ ಪತ್ರಿಕೆಗಳ ಒಳಸಾಲುಗಳಿಗೆ ಸೇರಿದರು. ಅಮೆರಿಕದ ಲೈನೊಟೈಪ್ ಕಂಪೆನಿಯ ಗ್ರಿಫಿತ್ ರೂಪಿಸಿದ ‘ಅಯಾನಿಕ್ ನಂ. 5’ ಎಂಬ ಅಕ್ಷರವನ್ನು 1926ರಲ್ಲಿ ‘ನೆವಾರ್ಕ್ ಈವ್ನಿಂಗ್ ನ್ಯೂಸ್’ ಬಳಸಿತು. ಒರಟು ಕಾಗದ, ವೇಗದ ಯಂತ್ರ, ಹರಡುವ ಶಾಯಿ ಇವುಗಳ ನಡುವೆಯೂ ಮುರಿಯದ, ಮುಚ್ಚದ ಅಕ್ಷರ ಅವರಿಗೆ ಬೇಕಿತ್ತು. ಗಟ್ಟಿ ಪಾದ, ತೆರೆದ ಒಳಜಾಗ ಕ್ಲಾರೆಂಡನ್ ವಂಶದಿಂದ ಬಂದವು. ಸುದ್ದಿಯ ತಲೆಬರಹ ಕಿರುಚುತ್ತಿದ್ದಾಗ ಕೆಳಗಿನ ಸಾಲನ್ನು ಓದಲು ಬರುವಂತೆ ಮಾಡಿದ್ದೂ ಅದೇ ಕುಲದ ಅಕ್ಷರ ಎಂಬುದು ನಮಗೆ ಇಷ್ಟವಾದ ಸಂಗತಿ. 1953ರಲ್ಲಿ ಸ್ವಿಟ್ಜರ್ಲೆಂಡಿನ ಹಾಸ್ ಎರಕದ ಮನೆಗೆ ಹರ್ಮನ್ ಐಡೆನ್‌ಬೆನ್ಜ್ ಹೊಸ ಕ್ಲಾರೆಂಡನ್ ರೂಪಿಸಿದರು. 1955ರಲ್ಲಿ ಅಮೆರಿಕದ ಫ್ರೀಮನ್ ಕ್ರಾ ಇನ್ನೊಂದನ್ನು ತಂದರು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ರಸ್ತೆಫಲಕಗಳಲ್ಲಿ ಕಂದು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬಹುಕಾಲ ನಿಂತಿದ್ದು ಕ್ಲಾರೆಂಡನ್ನೇ. 2000ದ ದಶಕದಲ್ಲಿ ರಾಲಿನ್‌ಸನ್ ಎಂಬ ಹೊಸ ಅಕ್ಷರ ಅದರ ಜಾಗಕ್ಕೆ ಬರತೊಡಗಿತು. ನಮ್ಮ ಮನೆಗಳ ರೇಡಿಯೋ, ಟೀವಿಗಳ ಮೇಲೆ ಕಂಡ ‘ಸೋನಿ’ ಎಂಬ ನಾಲ್ಕು ಅಕ್ಷರಗಳನ್ನು ನೆನಪಿಸಿಕೊಳ್ಳಿ. 1973ರಿಂದ ಈಗಿನ ರೂಪದಲ್ಲಿರುವ ಆ ಅಗಲ ಪಾದದ ಅಕ್ಷರಗಳು ಕ್ಲಾರೆಂಡನ್‌ನ ದಾಯಾದಿಗಳೇ.

ಕನ್ನಡಕ್ಕೆ ಸೆರಿಫ್‌ನ ಗೊಡವೆ ಇಲ್ಲ, ದಪ್ಪದ ಗೊಡವೆ ಇದೆ. ನಮ್ಮ ಅಕ್ಷರಗಳು ದುಂಡು. ಒಳಗೆ ಸುರುಳಿ, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತು. ‘ರಾಷ್ಟ್ರ’, ‘ಲಕ್ಷ್ಮಿ’ಯಂಥ ಪದಗಳಲ್ಲಿ ಒತ್ತಿನ ಕೆಳಗೆ ಒತ್ತು. ಗೀಟು ದಪ್ಪವಾದರೆ ಮೊದಲು ಮುಚ್ಚುವುದು ಇವೇ. ಫಾಕ್ಸ್ ಇಂಗ್ಲಿಷಿನ 26 ಅಕ್ಷರಗಳಿಗೆ ಮಾಡಿದ ಕೆಲಸವನ್ನು ಕನ್ನಡಕ್ಕೆ ಮಾಡಬೇಕಾದರೆ ನೂರಾರು ರೂಪಗಳನ್ನು ಒಂದೊಂದಾಗಿ ತಿದ್ದಬೇಕು. ಇತ್ತೀಚಿನ ಯೂನಿಕೋಡ್ ಫಾಂಟುಗಳಲ್ಲಿ ಈ ಶ್ರಮ ಕಾಣುತ್ತದೆ. ನೋಟೊ ಸೆರಿಫ್ ಕನ್ನಡದಂಥ ಫಾಂಟುಗಳಲ್ಲಿ ತೆಳುವಿನಿಂದ ಅತಿದಪ್ಪದವರೆಗೆ ಬೇರೆ ಬೇರೆ ರೂಪಗಳನ್ನೇ ಬರೆದಿಟ್ಟಿದ್ದಾರೆ. ಅದಿಲ್ಲದ ಫಾಂಟಿನಲ್ಲಿ ‘ಬಿ’ ಎಂಬ ಗುಂಡಿ ಒತ್ತಿದರೆ ಕಂಪ್ಯೂಟರ್ ತೆಳು ಅಕ್ಷರದ ಸುತ್ತ ಮಸಿ ಬಳಿದು ‘ದಪ್ಪ’ ಎಂದು ಕೊಡುತ್ತದೆ. ಕಾತಿಬ್ ಲೇಖನಿ ಬದಲಿಸಲು ತೆಗೆದುಕೊಳ್ಳುತ್ತಿದ್ದ ಹೊತ್ತು ಇಲ್ಲಿಲ್ಲ.

ಇದರ ಫಲ ನಾವೇ ಒಮ್ಮೆ ಉಂಡಿದ್ದೇವೆ. ವರ್ಷಗಳ ಹಿಂದೆ, ಇನ್ನೂ ಹಳೆಯ ಫಾಂಟುಗಳ ಕಾಲ. ಕಾಯಿಲೆಯಲ್ಲಿದ್ದ ಒಬ್ಬ ಹುಡುಗನ ಚಿಕಿತ್ಸೆಗೆ ನೆರವು ಕೋರಿ ನಾಲ್ಕಾರು ಗೆಳೆಯರು ಸೇರಿ ಒಂದು ಕರಪತ್ರ ಮಾಡಿದೆವು. ಮೇಲೆ ‘ಧನಸಹಾಯಕ್ಕೆ ಮನವಿ’ ಎಂದು ತಲೆಬರಹ. ಸಾಲದೆಂದು ದಪ್ಪ ಮಾಡಿದೆವು, ಇನ್ನೂ ಸಾಲದೆಂದು ಗಾತ್ರ ಏರಿಸಿದೆವು. ಕಡಿಮೆ ಬೆಲೆಯ ಕಾಗದ, ಧಾರಾಳ ಶಾಯಿ. ಮಹಾಪ್ರಾಣವನ್ನು ತೋರಿಸುವ ಅಡಿಯ ಸಣ್ಣ ಗೀಟು ದಪ್ಪ ಬುಡದೊಳಗೆ ಮುಳುಗಿಹೋಯಿತು. ‘ಧನ’ ಹೋಗಿ ‘ದನ’ವಾಯಿತು. ಪ್ರೂಫ್ ನೋಡಿದವರಿಗೂ ಕಾಣಲಿಲ್ಲ, ಏಕೆಂದರೆ ಅಲ್ಲಿ ಏನಿರಬೇಕೆಂದು ಅವರಿಗೆ ಗೊತ್ತಿತ್ತು. ಬಸ್ ನಿಲ್ದಾಣದಲ್ಲಿ ಹಂಚುವಾಗ ಹಿರಿಯರೊಬ್ಬರು ಓದಿ, ‘ದನ ಕೊಡುವಷ್ಟು ನಾವು ಶ್ರೀಮಂತರಲ್ಲ ಮಗಾ’ ಎಂದು ನಕ್ಕು, ಜೇಬಿನಿಂದ ಹತ್ತು ರೂಪಾಯಿ ತೆಗೆದು ಕೊಟ್ಟು ಹೋದರು. ಹುಡುಗನ ಹೆಸರು, ಕಾಯಿಲೆ, ಬೇಕಾದ ಮೊತ್ತ ಎಲ್ಲವೂ ಕೆಳಗೆ ತೆಳು ಅಕ್ಷರದಲ್ಲಿ ಒಂದೂ ತಪ್ಪಿಲ್ಲದೆ ಅಚ್ಚಾಗಿದ್ದವು. ಉಳಿದಿದ್ದ ಕಟ್ಟುಗಳನ್ನು ಆ ರಾತ್ರಿ ಬಿಚ್ಚಿಕೊಂಡು ಕೂತು, ಒಂದೊಂದು ಪ್ರತಿಯಲ್ಲೂ ‘ದ’ದ ಅಡಿಗೆ ಪೆನ್ನಿನಿಂದ ಗೀಟು ಎಳೆದೆವು.